ಶಾರದೆಯ ಹೆಸರಿನ ಎರಡು ಪೆಟ್ಟಿಗೆಗಳು

ಹಟ ಮಾಡುವವರಿಗೆಲ್ಲ ಒಂದು ಅನುಕೂಲವಿದೆ. ತಮ್ಮದು ಹಟವೆಂದು ಅವರಿಗೆ ಯಾವತ್ತೂ ಅನ್ನಿಸುವುದಿಲ್ಲ. ನನ್ನದೂ ಅದೇ ಕಥೆ. ಬೈಕಿನಲ್ಲಿ ಲಡಾಖಿಗೆ ಹೋಗಿಯೇ ತೀರುತ್ತೇನೆ, ಅದೂ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡೇ ಹೋಗುತ್ತೇನೆ ಎಂದು ಜೋಗುಪಾಳ್ಯದ ನಮ್ಮ ಬೀದಿಗೆಲ್ಲ ಸಾರಿಬಿಟ್ಟಿದ್ದೆ. ಹೆಂಡತಿ ಶಾರದೆಗೆ ಹೇಳಿದ್ದು ಎಲ್ಲರಿಗಿಂತ ಕೊನೆಗೆ. ಅವಳು ಅವರೆಕಾಳು ಸುಲಿಯುತ್ತಿದ್ದವಳು ತಲೆ ಎತ್ತದೆ, "ಕೋಲಾರ ನೆನಪಿದೆಯೇನ್ರೀ?" ಎಂದಳು.

ನೆನಪಿಲ್ಲದೆ ಏನು? ಅವಳ ತಂಗಿಯ ಮದುವೆಗೆ ಬಸ್ಸಿನಲ್ಲಿ ಹೋಗೋಣವೆಂದು ಅವಳು ಬಡಿದುಕೊಂಡರೂ ಕೇಳದೆ, ರೆಕ್ಸಿನ್ ಚೀಲವನ್ನು ಹಗ್ಗದಲ್ಲಿ ಬಿಗಿದು ಬೈಕಿನಲ್ಲೇ ಹೊರಡಿಸಿದ್ದೆ. ಕೆ.ಆರ್. ಪುರ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಛತ್ರದಲ್ಲಿ ಚೀಲ ಬಿಚ್ಚಿದರೆ ಅವಳ ಕುಂಕುಮ ಬಣ್ಣದ ರೇಷ್ಮೆ ಸೀರೆ ತನ್ನ ಬಣ್ಣವನ್ನೆಲ್ಲ ನನ್ನ ಬಿಳಿ ಜುಬ್ಬಕ್ಕೆ ಧಾರೆ ಎರೆದುಕೊಟ್ಟಿತ್ತು. ಮದುವೆಯ ಫೋಟೋಗಳಲ್ಲಿ ಅಂಚಿನಲ್ಲಿ ಗುಲಾಬಿ ಬಣ್ಣದಲ್ಲಿ ನಿಂತಿರುವವನು ನಾನೇ. ಅಕ್ಕನ ಸೀರೆ ಉಟ್ಟು ನಿಂತ ಶಾರದೆ, ಬಟ್ಟೆ ಒದ್ದೆಯಾಗುವ ಗಾಡಿಯನ್ನು ಇನ್ನು ಈ ಜನ್ಮದಲ್ಲಿ ಹತ್ತುವುದಿಲ್ಲವೆಂದು ಅಂದೇ ಹೇಳಿದ್ದಳು. ಅವಳಿಲ್ಲದೆ ಲಡಾಖಿಗೆ ಹೋಗಿ ಯಾರಿಗೆ ಏನು ತೋರಿಸಲಿ? ಹನಿ ನೀರು ಇಳಿಯದ ಗಟ್ಟಿ ಪೆಟ್ಟಿಗೆಗಳನ್ನು ಬೈಕಿನ ಎರಡೂ ಪಕ್ಕಕ್ಕೆ ಕೂರಿಸಿಯೇ ಸೈ ಎಂದು ಹಲ್ಲು ಕಚ್ಚಿದೆ.

ಆಗೆಲ್ಲ ಅಂಥ ಪೆಟ್ಟಿಗೆಗಳನ್ನು ನಾವು ನೋಡಿದ್ದು ಚಿತ್ರದಲ್ಲಿ ಮಾತ್ರ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ವಿದೇಶಿ ಪತ್ರಿಕೆಯೊಂದರಲ್ಲಿ ಗಡ್ಡದವನೊಬ್ಬ ಮರಳುಗಾಡಿನ ನಡುವೆ ಅಲ್ಯೂಮಿನಿಯಂ ಪೆಟ್ಟಿಗೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಆ ಹಾಳೆಯನ್ನು ಹರಿದು ಜೇಬಿನಲ್ಲಿಟ್ಟುಕೊಂಡೆ. ನಮ್ಮ ಕಾರ್ಖಾನೆಯಲ್ಲಿ ಅದನ್ನು ನೋಡಿದವರೆಲ್ಲ ಪಂಡಿತರಾದರು. ಒಬ್ಬ ಫೈಬರ್ ಹಗುರ ಎಂದ, ಇನ್ನೊಬ್ಬ ಫೈಬರ್ ಬಿದ್ದರೆ ಚೂರು ಎಂದ. ಇಬ್ಬರಲ್ಲಿ ಯಾರ ಹತ್ತಿರವೂ ಬೈಕಿರಲಿಲ್ಲ. ಕೊನೆಗೆ ಇಂದಿರಾನಗರದ ಅಂಗಡಿಯೊಂದರಿಂದ ಒಂದು ಫೈಬರ್ ಪೆಟ್ಟಿಗೆ ತಂದೆ. ಅಂಗಡಿಯವನು ವಾಟರ್‌ಪ್ರೂಫ್ ಎಂದು ಮೂರು ಸಲ ಹೇಳಿದ್ದ. ಶಾರದೆ ವಾದಕ್ಕೆ ಬರಲಿಲ್ಲ. ಒಳಗೆ ನಾಲ್ಕು ಉದ್ದಿನ ಹಪ್ಪಳ ಇಟ್ಟು, ಮುಚ್ಚಿ, ಬಚ್ಚಲಲ್ಲಿ ಮೂರು ಬಿಂದಿಗೆ ನೀರು ಸುರಿದಳು. ತೆಗೆದು ನೋಡಿದರೆ ಹಪ್ಪಳಗಳು ಕರವಸ್ತ್ರದ ಹಾಗೆ ಜೋತುಬಿದ್ದವು. ಅವಳು ಹಪ್ಪಳವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಛಲ ಬಿಡಲಿಲ್ಲ. ಮರುವಾರವೇ ಶಿವಾಜಿನಗರದಲ್ಲಿ ಮದುವೆಯ ಟ್ರಂಕು ಮಾಡುವ ಜಬ್ಬಾರ್ ಸಾಹೇಬರ ಮುಂದೆ ನನ್ನ ಹಾಳೆ ಬಿಚ್ಚಿದೆ. ಅವರು ಕನ್ನಡಕ ಏರಿಸಿ ಗಡ್ಡದವನನ್ನು ಬಹಳ ಹೊತ್ತು ನೋಡಿ, ಮಗಳ ಶಾದಿಗೆ ಇಷ್ಟು ಸಣ್ಣ ಟ್ರಂಕು ಸಾಕಾ ಎಂದು ಕೇಳಿದರು. ವಿಷಯ ತಿಳಿಸಿದೆ. ಹಪ್ಪಳದ ಸುದ್ದಿ ಕೇಳಿದ ಮೇಲಂತೂ ಅವರಿಗೂ ನನ್ನಷ್ಟೇ ಹಟ ಬಂತು. ಮುಚ್ಚಳದ ಸುತ್ತ ಹಳೇ ಟ್ಯೂಬಿನ ರಬ್ಬರು ಕೂರಿಸಿ, ಬೈಕಿಗೆ ಕಂಬಿ ಕಟ್ಟಿಸಿ, ಎರಡು ಉಕ್ಕಿನ ಪೆಟ್ಟಿಗೆ ತಯಾರು ಮಾಡಿದರು. ಕೊನೆಯಲ್ಲಿ ಬ್ರಷ್ ಹಿಡಿದು, "ಹೆಸರು ಯಾರದು ಸಾರ್? ನಮ್ಮ ಅಂಗಡಿಯಿಂದ ಹೆಸರಿಲ್ದೆ ಟ್ರಂಕು ಹೋಗಲ್ಲ" ಎಂದರು. ಹೆಂಡತಿಯನ್ನು ಒಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಉಂಟೇ? ಎರಡಕ್ಕೂ ಶಾರದಾ ಎಂದೇ ಬರೆಯಿರಿ ಎಂದೆ. ಸಾಹೇಬರು ಎರಡಕ್ಕೂನಾ ಎಂದು ಮತ್ತೆ ಕೇಳಿದರು. ಅವರು ಅಷ್ಟು ಕೇಳಿದ್ದರ ಅರ್ಥ ನನಗಾಗ ಆಗಲಿಲ್ಲ. ಹೆಸರಿನ ಸುತ್ತ ಕೆಂಪು ಗುಲಾಬಿಗಳನ್ನೂ ಬರೆದುಕೊಟ್ಟರು.

ಬಚ್ಚಲಲ್ಲಿ ಈ ಸಲ ಐದು ಬಿಂದಿಗೆ. ಹಪ್ಪಳ ಮುರಿದರೆ ಲಟಕ್ಕೆಂದಿತು. ಶಾರದೆ ಗುಲಾಬಿಗಳ ಮೇಲೆ ಕೈಯಾಡಿಸಿ, ಮೊದಲು ವಯನಾಡಿಗೆ ಹೋಗಿಬರೋಣ, ಅಲ್ಲಿ ಬಟ್ಟೆ ನೆನೆಯದಿದ್ದರೆ ಲಡಾಖಿನ ಮಾತು ಎಂದಳು. ನಾನು ಗೆದ್ದೆನೆಂದುಕೊಂಡೆ. ಹೊರಡುವ ಬೆಳಿಗ್ಗೆ ಎಡಗಡೆಯ ಪೆಟ್ಟಿಗೆಯಲ್ಲಿ ನನ್ನ ಬಟ್ಟೆ ತುಂಬಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಅವು ಜಗಲಿಯ ಮೇಲಿದ್ದವು. "ನನ್ನ ಟ್ರಂಕಲ್ಲಿ ನಿಮ್ಮ ಬಟ್ಟೆ ಯಾಕ್ರೀ? ತಾಯಿ ಮನೆಯಿಂದ ತಂದ ಟ್ರಂಕಿಗೆ ಯಾವತ್ತಾದ್ರೂ ಕೈ ಹಾಕಿದ್ದೀರಾ?" ಎಂದಳು. ಹೌದಲ್ಲ, ಹೆಸರು ಬರೆಸಿದ ಟ್ರಂಕಿಗೆ ಗಂಡನಾದವನು ಕೈ ಹಾಕುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಅಟ್ಟದ ಮೇಲಿನ ರೆಕ್ಸಿನ್ ಚೀಲ ಇಳಿಸಿದೆ.

ಗುಂಡ್ಲುಪೇಟೆ ದಾಟುತ್ತಲೇ ಮಳೆ ಶುರುವಾಯಿತು. ಲಾಡ್ಜ್ ಸೇರುವವರೆಗೂ ಬಿಡಲಿಲ್ಲ. ಚೀಲದಲ್ಲಿದ್ದ ನನ್ನ ಕೊನೆಯ ಬನಿಯನ್ನಿನಿಂದಲೂ ನೀರು ಹಿಂಡಬಹುದಿತ್ತು. ಶಾರದೆ ಗರಿಗರಿಯಾದ ಸೀರೆ ಉಟ್ಟು, ಪೆಟ್ಟಿಗೆಯಿಂದ ಹಪ್ಪಳ ತೆಗೆದು, ಲಾಡ್ಜಿನ ಅಡುಗೆಯವನ ಕೈಲಿ ಸುಡಿಸಿಕೊಂಡು ಬಂದು ನನಗೂ ಒಂದು ಕೊಟ್ಟಳು. ಕಿಟಕಿಯ ಹೊರಗಿನ ಮಳೆ ನೋಡುತ್ತ, ಇಷ್ಟು ದಿನ ನಾನು ಕಾದಿದ್ದ ಮಾತನ್ನು ಅವಳು ತಾನಾಗಿಯೇ ಆಡಿದಳು.

"ಲಡಾಖಿಗೆ ಯಾವತ್ತು ಹೊರಡೋಣ್ರೀ?"

ಅವಳು ಕೊಟ್ಟಿದ್ದ ಹೂವಿನ ನೈಟಿಯನ್ನು ಮೊಣಕಾಲಿನವರೆಗೆ ಎಳೆದುಕೊಂಡು, ಅಷ್ಟೇ ದೃಢವಾಗಿ ಹೇಳಿದೆ: "ನನ್ನ ಪ್ಯಾಂಟು ಒಣಗಲಿ."