ಏಳನೇ ನಿಲ್ದಾಣದಲ್ಲಿ ಒಂದು ಮನೆಗೆ ಹೇಳಿಕೆ ಬಾಕಿ

ಇಂದ
ಸುಧಾಕರ, ಬಿ.ಕಾಂ. (ಸಂಜೆ ಕಾಲೇಜು),
ದಸ್ತಾವೇಜು ಬರಹಗಾರ ಸುಬ್ಬಯ್ಯನವರ ಸಹಾಯಕ, ಬಂಟ್ವಾಳ.
ಇತರ ವೃತ್ತಿ: ಬಾಹ್ಯಾಕಾಶ ದರೋಡೆ (ಶುಕ್ರವಾರ ಸಂಜೆ ಮಾತ್ರ).

ಗೆ
ಮಾನ್ಯ ನಿಲ್ದಾಣಾಧಿಕಾರಿಗಳು,
ವ್ಯಾಪಾರಿ ಒಕ್ಕೂಟದ ಏಳನೇ ನಿಲ್ದಾಣ,
ಹೊರ ಆಕಾಶ (ಕಂಪ್ಯೂಟರ್ ಆಟದ ಒಳಗೆ).

ವಿಷಯ: ದರೋಡೆಕೋರನೊಬ್ಬನು ಮದುವೆಯ ಹೇಳಿಕೆ (ಆಮಂತ್ರಣ) ಹೇಳಿ ಮುಗಿಸುವಷ್ಟು ಹೊತ್ತು ಗುಂಡು ಹಾರಿಸದೆ ಇರುವ ಬಗ್ಗೆ.

ಉಲ್ಲೇಖ: (1) ತಮ್ಮ ನಿಲ್ದಾಣದಿಂದ ಅರ್ಜಿದಾರನಿಗೆ ಬಂದ ‘ಕಂಡಲ್ಲಿ ಗುಂಡು’ ಎಂಬ ಎಚ್ಚರಿಕೆ.
(2) ತಮ್ಮ ನಿಲ್ದಾಣದ ನಿವಾಸಿ ನೌಫಲನ ವಾಯ್ಸ್ ಮೆಸೇಜು, ಹತ್ತೊಂಬತ್ತು ಸೆಕೆಂಡಿನದ್ದು.

ಮಾನ್ಯರೇ,

ದರೋಡೆ ಮಾಡಿದ ಕಡೆಗೇ ಅರ್ಜಿ ಬರೆಯುವ ಧೈರ್ಯಕ್ಕಾಗಿ ಅರ್ಜಿದಾರನು ಮೊದಲು ಕ್ಷಮೆ ಕೇಳುತ್ತಾನೆ. ಹನ್ನೊಂದು ವರ್ಷಗಳಿಂದ ಊರವರ ಅರ್ಜಿಗಳನ್ನು ಬರೆದುಕೊಟ್ಟವನಾದರೂ ತನಗಾಗಿ ಬರೆಯುತ್ತಿರುವುದು ಇದೇ ಮೊದಲು. ಕರಡನ್ನು ನಾಲ್ಕು ಸಲ ಹರಿದು ಹಾಕಿದ್ದಾನೆ. ಐದನೆಯದನ್ನು ಓದಿದ ಸುಬ್ಬಯ್ಯನವರು ಕನ್ನಡಕ ಮೇಲೆತ್ತಿ, “ವಿಷಯ ಎಲ್ಲ ಸರಿ ಉಂಟು. ಸರ್ವೇ ನಂಬ್ರ ಎಲ್ಲಿ?” ಎಂದು ಕೇಳಿದರು. ಆಕಾಶದ ಸರ್ವೇ ನಂಬ್ರ ಅರ್ಜಿದಾರನಲ್ಲಿ ಇಲ್ಲ. ಆದ್ದರಿಂದ ಆ ಜಾಗವನ್ನು ಖಾಲಿ ಬಿಡಲಾಗಿದೆ.

1. ಅರ್ಜಿದಾರನು ಮುಂಡಾಜೆಯವನು. ಕಕ್ಕಿಂಜೆಯ ನೌಫಲ್ ಅವನ ಜೊತೆ ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ತೂಕಡಿಸಿದವನು. ಈಗ ಸೌದಿಯ ದಮ್ಮಾಮಿನಲ್ಲಿ ಸ್ಟೋರ್ ಕೀಪರ್. ಫೋನಿನಲ್ಲಿ ಈ ಇಬ್ಬರ ಮಾತು ಊಟ ಆಯಿತೇ, ಅಲ್ಲಿ ಸೆಕೆ ಹೇಗೆ ಎಂಬಲ್ಲಿಗೆ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು. ಕೈಗೆ ಏನಾದರೂ ಕೆಲಸವಿದ್ದರೆ ಮಾತ್ರ ಇಬ್ಬರಿಗೂ ಬಾಯಿ ಬರುವುದು. ಆದಕಾರಣ ಐದು ವರ್ಷಗಳಿಂದ ಪ್ರತಿ ಶುಕ್ರವಾರ ಸಂಜೆ ಈ ಆಟದಲ್ಲಿ ಜೊತೆಯಾಗಿ ದರೋಡೆ ಮಾಡುತ್ತಾ ಸುಖದುಃಖ ಮಾತಾಡಿಕೊಳ್ಳುತ್ತಿದ್ದರು.

2. ಅರ್ಜಿದಾರನು ದರೋಡೆಯನ್ನು ಕ್ರಮಬದ್ಧವಾಗಿಯೇ ನಡೆಸಿಕೊಂಡು ಬಂದಿರುತ್ತಾನೆ. ಸರಕಿನಲ್ಲಿ ಅರ್ಧ ಮಾತ್ರ ತೆಗೆದುಕೊಂಡು, ಮುಂದಿನ ನಿಲ್ದಾಣ ಮುಟ್ಟುವಷ್ಟು ಇಂಧನ ಬಿಟ್ಟು, ‘ತಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂಬ ಸಂದೇಶ ಕಳಿಸುವುದು ಅವನ ಪದ್ಧತಿ. ದರೋಡೆ ಗುಂಪಿನ ನಾಯಕ, ಮೂಡುಬಿದಿರೆಯ ಶಿಶಿರ್ ಎಂಬ ಕಾಲೇಜು ಹುಡುಗ, ಒಮ್ಮೆ ತಾಳ್ಮೆಗೆಟ್ಟು ಕೇಳಿದ್ದುಂಟು: “ಸುಧಾಕರಣ್ಣ, ನೀವು ದರೋಡೆ ಮಾಡ್ತಾ ಇದ್ದೀರಾ, ರೇಷನ್ ಕಾರ್ಡ್ ಮಾಡಿಸಿಕೊಡ್ತಾ ಇದ್ದೀರಾ?”

3. ಕಳೆದ ಜನವರಿಯಲ್ಲಿ ನೌಫಲ್ ಯಾರಿಗೂ ಹೇಳದೆ ದರೋಡೆ ಬಿಟ್ಟು ತಮ್ಮ ಒಕ್ಕೂಟ ಸೇರಿದನು. ತಮ್ಮ ನಿಲ್ದಾಣದಲ್ಲಿ ಅವನಿಗೆ ಬಾಗಿಲಿರುವ ಒಂದು ಕೋಣೆ ಸಿಕ್ಕಿತು. ಅವನ ಮೊದಲ ಸರಕು ಔಷಧದ ಮೂವತ್ತೆರಡು ಪೆಟ್ಟಿಗೆ. ಆ ಹಡಗು ಎದುರಾದಾಗ ಅರ್ಜಿದಾರನು ತನ್ನ ಪಟ್ಟಿಯ ಪ್ರಕಾರ ಎಲ್ಲವನ್ನೂ ಪರಿಶೀಲಿಸಿದನು: ಯಾವ ಬಣದ್ದು, ಬೆಂಗಾವಲು ಉಂಟೇ, ಕಾವಲು ಪಡೆ ಎಷ್ಟು ದೂರ. ‘ಹಡಗಿನ ಹೆಸರು’ ಎಂಬ ಸಾಲೇ ಆ ಪಟ್ಟಿಯಲ್ಲಿ ಇರಲಿಲ್ಲ. ಹದಿನಾರು ಪೆಟ್ಟಿಗೆ ಇಳಿಸಿಕೊಂಡು ವಿಷಾದದ ಸಂದೇಶ ಕಳಿಸಿದ ಮೇಲೆ ಹೆಸರು ಕಣ್ಣಿಗೆ ಬಿತ್ತು. ‘ಕಕ್ಕಿಂಜೆ’. ಇಡೀ ಬ್ರಹ್ಮಾಂಡದಲ್ಲಿ ಆ ಹೆಸರಿನ ಹಡಗು ಎರಡಿರಲಾರದೆಂಬುದು ಅರ್ಜಿದಾರನಿಗೂ ಗೊತ್ತು. ನೌಫಲ್ ಆಟದಿಂದ ಹೊರಗೆ ಹೋದನು. ಮುಂದೆ ಶುಕ್ರವಾರಗಳಲ್ಲಿ ಫೋನಿನ ಎರಡು ನಿಮಿಷ ಮಾತ್ರ ಉಳಿಯಿತು.

4. ತಪ್ಪು ಮಾಡಿದವನು ಮನೆ ಬಾಗಿಲಿಗೆ ಹೋಗಿ ಒಪ್ಪಿಕೊಳ್ಳಬೇಕೆಂಬ ತಿಳಿವಳಿಕೆಯಿಂದ ಅರ್ಜಿದಾರನು ಮರುವಾರ ಆಯುಧ ಮಡಚಿ, ಎಲ್ಲ ದೀಪ ಹಾಕಿಕೊಂಡು ನೇರ ತಮ್ಮ ನಿಲ್ದಾಣಕ್ಕೆ ಬಂದನು. ತಮ್ಮವರು ಸುಟ್ಟರು. ದೀಪ ಕಾಣಲಿಲ್ಲವೇನೋ ಎಂದುಕೊಂಡು ಇನ್ನೂ ಮೂರು ವಾರ ಬಂದನು. ಒಟ್ಟು ನಾಲ್ಕು ಸಲ ಸತ್ತಿರುತ್ತಾನೆ. ಇದರಲ್ಲಿ ತಮ್ಮವರ ತಪ್ಪಿಲ್ಲ.

5. ಬಳಿಕ ವಿಚಾರಿಸಲಾಗಿ, ತಮ್ಮಲ್ಲಿ ಅರ್ಜಿದಾರನ ವಿಶ್ವಾಸದ ಅಂಕ ಸೊನ್ನೆಗಿಂತ ಎಂಬತ್ತೇಳು ಕೆಳಗೆ ಇದೆಯೆಂದೂ ಅದು ಸೇವೆಯಿಂದ ಮಾತ್ರ ಏರುತ್ತದೆಂದೂ ತಿಳಿದುಬಂತು. ಆದ್ದರಿಂದ ಯಾವ ಬಣಕ್ಕೂ ಸೇರದ ಗಣಿಯವರ ಮೂಲಕ ತಮ್ಮವರಿಗೆ ನೀರು, ಟಪಾಲು ಸಾಗಿಸಿ ಅಂಕವನ್ನು ಅರುವತ್ತೊಂದು ಕೆಳಗಿನವರೆಗೆ ಎತ್ತಿದ್ದಾನೆ. ಆದರೆ ತಮ್ಮಲ್ಲಿ ಒಂದು ಅಂಕ ಏರಿದರೆ ದರೋಡೆಕೋರರಲ್ಲಿ ಎರಡು ಇಳಿಯುತ್ತದೆ. ಈಗ ಶಿಶಿರನ ಹುಡುಗರೂ ಅರ್ಜಿದಾರನನ್ನು ಕಂಡಲ್ಲಿ ಸುಡುತ್ತಿದ್ದಾರೆ. ಅವರು ಮಾತ್ರ ಸುಡುವ ಮೊದಲು ‘ಸಾರಿ ಅಣ್ಣ’ ಎನ್ನುತ್ತಾರೆ.

6. ಹೀಗಿರುವಾಗ ಮೇ ಮೂರಕ್ಕೆ ಅರ್ಜಿದಾರನ ಮದುವೆ ಮೂಡುಬಿದಿರೆಯ ಸುರಕ್ಷಾಳೊಂದಿಗೆ ನಿಶ್ಚಯವಾಗಿದೆ. ನಮ್ಮ ಕಡೆ ಮನೆಗೆ ಹೋಗಿ, ಕಾಗದ ಕೊಟ್ಟು, ಬಾಯಾರೆ ಕರೆದರೆ ಮಾತ್ರ ಹೇಳಿಕೆ. ಫೋನಿನಲ್ಲಿ ತಿಳಿಸಿದ್ದಕ್ಕೆ ಯಾರೂ ಬರುವುದಿಲ್ಲ. ಇನ್ನೂರ ಹನ್ನೆರಡು ಮನೆಗಳ ಹೇಳಿಕೆ ಮುಗಿದಿದೆ. ಕಕ್ಕಿಂಜೆಯಲ್ಲಿ ನೌಫಲನ ಉಮ್ಮ ಬೆಲ್ಲ ನೀರು ಕೊಟ್ಟು, ತಾನು ಖಂಡಿತ ಬರುವೆನೆಂದೂ ಮಗನಿಗೆ ಬೇರೆಯೇ ಹೇಳಬೇಕೆಂದೂ ಅಂದರು. ಅರ್ಜಿದಾರನು ಅಂಜುತ್ತಲೇ ಫೋನ್ ಮಾಡಿದಾಗ ನೌಫಲ್ ತೆಗೆಯಲಿಲ್ಲ. ಬದಲಿಗೆ ಉಲ್ಲೇಖ (2) ಬಂತು:

“ಉಮ್ಮನಿಗೆ ಹೇಳಿದ್ದು ಉಮ್ಮನಿಗೆ ಆಯ್ತು. ನನಗೆ ಫೋನಲ್ಲಿ ಬೇಡ ಮಾರಾಯ. ಇಲ್ಲಿ ರೂಮಲ್ಲಿ ಆರು ಜನ, ಇದೆಂತ ಮನೆಯಾ? ಏಳನೇ ನಿಲ್ದಾಣದಲ್ಲಿ ನನ್ನದು ಒಂದು ಬಾಗಿಲುಂಟು. ಅಲ್ಲಿಗೆ ಬಂದು ಹೇಳು. ಬರ್ತೇನೆ.”

7. ನೌಫಲನು ಮದುವೆಗೆ ಬರಬೇಕಾದರೆ ಒಂದು ತಿಂಗಳ ಮೊದಲೇ ರಜೆಗೆ ಬರೆದುಕೊಡಬೇಕು. ಅಂದರೆ ಬರುವ ಶುಕ್ರವಾರ, ಏಪ್ರಿಲ್ ಮೂರು, ಕಡೆಯ ದಿನ. ಈಗಿನ ವೇಗದಲ್ಲಿ ಅರ್ಜಿದಾರನ ಅಂಕ ಸೊನ್ನೆಗೆ ಬರುವಾಗ ಮದುವೆ ಕಳೆದು ಜುಲೈಯ ಆಟಿ ತಿಂಗಳು ಬಂದಿರುತ್ತದೆ.

8. ಬಾಕಿ ಉಳಿದ ಒಂದು ಮನೆ ಯಾವ ಕಡೆ ಎಂದು ಸುರಕ್ಷಾ ಫೋನಿನಲ್ಲಿ ಕೇಳಿದಳು. ಸ್ವಲ್ಪ ಮೇಲೆ ಎಂದು ಅರ್ಜಿದಾರನು ಉತ್ತರಿಸಿದನು. ಚಾರ್ಮಾಡಿ ಘಾಟಿಯ ಮೇಲೆಯೋ ಎಂದಳು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಹೇಳಬೇಕಾಯಿತು. “ನೀವು ಕಳ್ಳ ಅಂತ ಸಂಬಂಧ ತಂದವರು ಹೇಳ್ಲೇ ಇಲ್ಲ,” ಎಂದಳು. ಆಮೇಲೆ, “ಇರ್ಲಿ. ಬರಿಗೈಲಿ ಹೋಗ್ಬೇಡಿ. ಆ ಹದಿನಾರು ಪೆಟ್ಟಿಗೆ ತೆಕ್ಕೊಂಡು ಹೋಗಿ.”

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಶೀಲಿಸಿ, ಬರುವ ಶುಕ್ರವಾರ ಸಂಜೆ ಆರೂವರೆಯಿಂದ ಹತ್ತು ನಿಮಿಷ ತಮ್ಮ ತೋಪುಗಳನ್ನು ಬೇರೆ ಕಡೆಗೆ ತಿರುಗಿಸಿಟ್ಟು, ಅರ್ಜಿದಾರನನ್ನು ನೌಫಲನ ಬಾಗಿಲವರೆಗೆ ಬಿಡಬೇಕಾಗಿ ಕೋರಿಕೆ. ಸುಡಲೇಬೇಕೆಂಬ ನಿಯಮವಿದ್ದಲ್ಲಿ, ಹೇಳಿಕೆ ಹೇಳಿ ಪೆಟ್ಟಿಗೆ ಇಳಿಸಿದ ನಂತರ, ವಾಪಸು ಹೋಗುವಾಗ ಸುಟ್ಟರೆ ಅಭ್ಯಂತರವಿಲ್ಲ.

ತಮ್ಮ ತೋಪಿನ ಗುರಿಗೆ ಸಿಗದಷ್ಟು ದೂರದಿಂದ,
ತಮ್ಮ ವಿಶ್ವಾಸಿ (ಸೊನ್ನೆಗಿಂತ ಅರುವತ್ತೊಂದು ಕೆಳಗೆ),
ಸುಧಾಕರ

ಬಂಟ್ವಾಳ, ಮಾರ್ಚ್ 30

ಲಗತ್ತುಗಳು:
1. ಔಷಧದ ಪೆಟ್ಟಿಗೆ, ಹದಿನಾರು. ಒಂದನ್ನೂ ತೆರೆದಿಲ್ಲ.
2. ಮದುವೆಯ ಕಾಗದ, ಒಂದು. ನೌಫಲನ ಹೆಸರು ಕೈಯಲ್ಲಿ ಬರೆದದ್ದು.
3. ಪರಿಶೀಲನಾ ಪಟ್ಟಿಯ ತಿದ್ದಿದ ಪ್ರತಿ. ‘ಹಡಗಿನ ಹೆಸರು’ ಮೊದಲ ಸಾಲಿನಲ್ಲಿ ಸೇರಿಸಲಾಗಿದೆ.

ವಿ.ಸೂ.: ಉಲ್ಲೇಖ (2)ರ ಕೊನೆಯಲ್ಲಿ, ‘ಬರ್ತೇನೆ’ ಎಂದಾದ ಮೇಲೆ, ಒಂದು ಸಣ್ಣ ಸದ್ದು ಕೇಳಿಸುತ್ತದೆ. ಅರ್ಜಿದಾರನು ಅದನ್ನು ಮೂವತ್ತು ಸಲವಾದರೂ ಕೇಳಿದ್ದಾನೆ, ಸುರಕ್ಷಾಳಿಗೂ ಕೇಳಿಸಿದ್ದಾನೆ. ಅದು ನೌಫಲ್ ನಕ್ಕದ್ದೋ, ಫೋನನ್ನು ಮೇಜಿನ ಮೇಲೆ ಇಟ್ಟದ್ದೋ ಇಬ್ಬರಿಗೂ ಗೊತ್ತಾಗಲಿಲ್ಲ.