ಎಮ್ಮೆಯ ಅಕ್ಕಪಕ್ಕ

ಮಾತಿನ ಅರ್ಥ ಎಲ್ಲಿರುತ್ತದೆ ಎಂದು ನಾನು ಹುಡುಕಿಕೊಂಡು ಹೋದವಳಲ್ಲ. ಸ್ಲೇಟು ಹಿಡಿದದ್ದಕ್ಕಿಂತ ಕುಡುಗೋಲು ಹಿಡಿದದ್ದೇ ಹೆಚ್ಚು. ಬಾಯಿಗೆ ಬಂದದ್ದನ್ನು ಆಡುವುದು, ಅರ್ಥ ಬೇಕಾದವರು ಮಾಡಿಕೊಳ್ಳಲಿ ಎಂದು ಬಿಡುವುದು, ಹೀಗೇ ಬದುಕು ಸಾಗಿತ್ತು. ಮೊಮ್ಮಗಳು ಚೈತ್ರ ರಜೆಗೆಂದು ನಮ್ಮೂರು ತಿಪ್ಪಸಂದ್ರಕ್ಕೆ ಬಂದಳು ನೋಡಿ, ಕೆಟ್ಟಿತು.

ಅವಳು ಓದುವುದು ಲ್ಯಾಟಿನ್ ಎಂಬ ಭಾಷೆಯ ಹಳೇ ಪದ್ಯಗಳನ್ನು. ಅದನ್ನು ಮನೆಮಾತಾಗಿ ಆಡುವವರು ಈಗ ಇಲ್ಲವಂತೆ. ಅರ್ಥ ಕೇಳೋಣವೆಂದರೆ ಜನವಿಲ್ಲ. ಅದಕ್ಕೆ ಪದ್ಯಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಒಂದು ಪದದ ಅಕ್ಕಪಕ್ಕ ಯಾವ ಪದಗಳು ಕೂತಿವೆ ಎಂದು ನೋಡುತ್ತಾಳೆ. "ಒಂದೇ ಪದ ಅಜ್ಜಿ. ಪಕ್ಕದಲ್ಲಿ ಹೊಲ ಇದ್ರೆ ಉಳೋದು, ದೇವ್ರಿದ್ರೆ ಪೂಜೆ ಮಾಡೋದು" ಎಂದಳು. ಹೆಣ್ಣು ನೋಡಲು ಹೋದಾಗ ನಾವೂ ಹುಡುಗಿಯನ್ನು ಬಿಟ್ಟು ಅಕ್ಕಪಕ್ಕದ ಮನೆಯವರನ್ನೇ ವಿಚಾರಿಸುತ್ತೇವಲ್ಲ, ಹಾಗೆ. ನಾನು ಸುಮ್ಮನಿರಬಹುದಿತ್ತು. "ಸತ್ತೋರ್ ಮಾತು ಕಟ್ಕೊಂಡು ಏನ್ ಮಾಡೀಯೆ? ನಾನಿನ್ನೂ ಬದುಕಿವ್ನಿ, ನನ್ ಮಾತ್ ನೋಡು" ಎಂದುಬಿಟ್ಟೆ.

ಬಿಟ್ಟಾಳೆಯೇ? ಜಗಲಿಯ ಮೇಲೆ ಫೋನಿಟ್ಟು ನನ್ನ ಮಾತನ್ನೆಲ್ಲ ಹಿಡಿದು, ಕಂಪ್ಯೂಟರಿಗೆ ಹಾಕಿ, ಒಂದು ಸಂಜೆ ಅಡುಗೆಮನೆಯಲ್ಲಿ ಕೂತು ಓದಿದಳು. ಒಂದು ಹೆಸರಿನ ಅಕ್ಕಪಕ್ಕ: ಚಿನ್ನ, ನನ್ನವ್ವ, ಉಂಡ್ಯಾ, ಬಿಸ್ಲಲ್ಲಿ ನಿಲ್ಬೇಡ. ಇನ್ನೊಂದರ ಅಕ್ಕಪಕ್ಕ: ದರಿದ್ರದ್ದು, ಏಳು ಮೇಲೆ, ಕಿವಿ ಕೇಳಕ್ಕಿಲ್ವಾ. ಮೊದಲನೆಯದು ಗೌರಿ, ನಮ್ಮ ಎಮ್ಮೆ. ಎರಡನೆಯದು ಸಾವಿತ್ರಿ, ನನ್ನ ಸೊಸೆ.

"ಕಂಪ್ಯೂಟರ್ ಪ್ರಕಾರ ಗೌರಿ ನಿನ್ ಮಗಳು, ನಮ್ಮಮ್ಮ ಕೊಟ್ಟಿಗೆಯೋಳು!" ಎಂದು ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಮುದ್ದೆ ತೊಳಸುತ್ತಿದ್ದ ಸೊಸೆ ನಗಲಿಲ್ಲ. ತಲೆಯನ್ನೂ ಎತ್ತದೆ, "ಅದ್ನ ಹೇಳಕ್ಕೆ ಕಂಪ್ಯೂಟ್ರು ಯಾಕ್ ಬೇಕಿತ್ತು ಮಗ" ಎಂದಳು.

ಆ ರಾತ್ರಿ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ನನ್ನ ಬೈಗುಳ ಬಾಯಿಯದು, ಹೊಟ್ಟೆಯೊಳಗಿನದಲ್ಲ ಎಂದು ಅವಳಿಗೆ ಗೊತ್ತಿದೆ ಎಂದೇ ನಂಬಿದ್ದೆ. ಅವಳ ಬಾಣಂತನದಲ್ಲಿ ಎಣ್ಣೆ ತಿಕ್ಕಿ ನೀರೆರೆದವಳು ನಾನೇ. ಆದರೆ ಎರೆಯುವಾಗ ಮಾತಾಡಲಿಲ್ಲ. ಆಡದ್ದು ಯಾವ ಕಂಪ್ಯೂಟರಿಗೂ ಸಿಗುವುದಿಲ್ಲ. ನಾಳೆ ನಾನೂ ಸತ್ತು, ಕೇಳಲು ಜನವಿಲ್ಲದಾದಾಗ, ಅವಳ ಹೆಸರಿನ ಪಕ್ಕ ಉಳಿಯುವುದು 'ದರಿದ್ರದ್ದು' ಒಂದೇ.

ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು, "ಚಿನ್ನ, ಸಾವಿತ್ರಿ, ಉಂಡ್ಯಾ?" ಎಂದೆ. ಸೊಸೆ ಪೊರಕೆ ಎಸೆದು ಓಡಿಬಂದು ನನ್ನ ಹಣೆ ಮುಟ್ಟಿದಳು. "ಚೈತ್ರಾ, ಆಟೋ ಕರಿಯೇ! ನಿಮ್ಮಜ್ಜಿಗೆ ಏನೋ ಆಗ್ಬುಟ್ಟೈತೆ!"

"ಏನೂ ಆಗಿಲ್ಲ ಕಣೆ ದರಿದ್ರದ್ದೆ, ಬುಡು ಕೈಯ" ಎಂದು ಕೂಗಿದೆ.

ಅವಳ ಮುಖಕ್ಕೆ ಬಣ್ಣ ಬಂತು. "ಸದ್ಯ, ಅತ್ತೆ ಚೆನ್ನಾಗವ್ರೆ" ಎಂದು ನಗುತ್ತಾ ಪೊರಕೆ ಎತ್ತಿಕೊಂಡಳು. ಅತ್ತ ಗೌರಿ, 'ಚಿನ್ನ' ಎಂದದ್ದು ತನಗೇ ಎಂದುಕೊಂಡು ಕೊಟ್ಟಿಗೆಯಿಂದ ಕೂಗುತ್ತಲೇ ಇತ್ತು. ಹೋಗಿ ಹುಲ್ಲು ಹಾಕಿದೆ. ಮೈ ಸವರಿದೆ, ಬಾಯಿ ಮಾತ್ರ ಬಿಡಲಿಲ್ಲ. ಮಾತು ಹಿಡಿಯುವ ಫೋನು ಇನ್ನೂ ಜಗಲಿಯ ಮೇಲೇ ಇತ್ತು.