ಉಳುಕದ ಸೊಂಟಕ್ಕೆ ಒದೆ

ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುವ ಕಾಲದಲ್ಲೇ ನಗೆಪಾಟಲಿನ ಪ್ರಸಂಗಗಳು ಯಾಕೆ ಮನೆ ಹುಡುಕಿಕೊಂಡು ಬರುತ್ತವೋ, ನನಗಂತೂ ಗೊತ್ತಿಲ್ಲ. ನಮ್ಮ ಮನೆಗೆ ಒಂದರ ಹಿಂದೆ ಒಂದು ಬಂದವು. ಆಗ ನಗುವುದಕ್ಕೂ ಹೆದರಿಕೆ. ಈಗ ಹೇಳಬಹುದು.

ವಿಷಯ ಇಷ್ಟೇ. ಎರಡನೇ ಹೆರಿಗೆಯಲ್ಲಿ ನನಗೆ ಬಿಪಿ ಏರಿ, ಫಿಟ್ಸ್ ಬಂದು, ಮಗುವಿನ ಅಳು ಕೇಳುವ ಮೊದಲೇ ಪ್ರಜ್ಞೆ ತಪ್ಪಿತ್ತು. ಉಳಿದದ್ದೇ ಹೆಚ್ಚು. ಅರಸೀಕೆರೆಯ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, “ಇನ್ನೊಂದು ಬಸಿರು ನಿಮಗೆ ಬೇಡವೇ ಬೇಡ. ಬಿಪಿ ಇನ್ನೂ ಇಳಿದಿಲ್ಲ, ಹಾಗಾಗಿ ಹಾರ್ಮೋನಿನ ಗುಳಿಗೆಯೂ ಬೇಡ. ಕಾಂಡೋಮ್ ಇದೆ, ಕಾಪರ್-ಟಿ ಇದೆ, ಆಪರೇಷನ್ ಇದೆ. ಇಬ್ಬರೂ ಕೂತು ಮಾತಾಡಿ ಒಂದು ಆರಿಸ್ಕೊಳ್ಳಿ” ಅಂದರು.

ಕೂತು ಮಾತಾಡುವುದೆಲ್ಲಿ ಬಂತು! ಜಾವಗಲ್ಲಿನಲ್ಲಿ ಅತ್ತೆ ಮಾವನ ಜೊತೆ ಇರುವ ಸಂಸಾರ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ, ಅವರು ಒಬ್ಬನೇ ಮಗ. ಅವರ ಕಾಲಿಗೆ ಮುಳ್ಳು ಚುಚ್ಚಿದರೂ ಅತ್ತೆ ಬೀದಿಯವರನ್ನೆಲ್ಲ ಕೂಗುತ್ತಿದ್ದರು. ಸಿಕ್ಕವರ ಹತ್ತಿರವೆಲ್ಲ “ಶಿವ ನಂಗೆ ಒಂದೇ ಕೊಟ್ಟ ಕಣವ್ವ” ಅಂತ ನಿಟ್ಟುಸಿರು ಬೇರೆ. ಮಾವ ಜಗಲಿಯ ಮೇಲೆ ಪೇಪರ್ ಹಿಡಿದು ಕೂತರೆ ಊಟಕ್ಕೆ ಕರೆಯುವವರೆಗೂ ಮಾತಿಲ್ಲ. ನಾನು ಹಳೇಬೀಡಿನ ಶಾಲೆಯಲ್ಲಿ ಟೀಚರ್. ಮಕ್ಕಳೆದುರು ಹುಲಿ, ಮನೆಯಲ್ಲಿ ಶುದ್ಧ ಪುಕ್ಕಲಿ.

ದೇವರ ಮುಂದಿನ ಪೊಟ್ಟಣ

ಮೊದಲು ಕಾಂಡೋಮ್ ಅಂತ ಆಯಿತು. ತರುವವರು ಯಾರು? ಜಾವಗಲ್ಲಿನ ಮೆಡಿಕಲ್ ಶಾಪು ಯಜಮಾನರ ದೊಡ್ಡಪ್ಪನದು. ಹಳೇಬೀಡಿನ ಅಂಗಡಿಯವರ ಮಗಳು ನನ್ನ ಕ್ಲಾಸಿನಲ್ಲೇ ಇದ್ದಾಳೆ. ಸರಿ, ಯಜಮಾನರು ಬೇಲೂರಿಗೆ ಹೋದರು. ಬಾಯಿ ತೆರೆಯುವಷ್ಟರಲ್ಲಿ ಕೊಬ್ಬರಿ ಮಾರುವ ಪರಿಚಯದವರೊಬ್ಬರು ಪಕ್ಕಕ್ಕೆ ಬಂದು, “ಏನ್ಲಾ, ಔಷ್ದಿಗೆ ಇಷ್ಟು ದೂರ ಬಂದಿದೀಯ?” ಅಂದರಂತೆ. ಇವರು ಬೆವೆತು, ಓಆರ್‌ಎಸ್ ಪುಡಿ ಕೊಂಡು ವಾಪಸ್ ಬಂದರು. ಮುಂದಿನ ವಾರ ಹೋದಾಗಲೂ ಓಆರ್‌ಎಸ್. ಅತ್ತೆ ಗಾಬರಿಯಾಗಿ ನನ್ನನ್ನು ಅಡುಗೆಮನೆಗೆ ಕರೆದು, “ಅವನಿಗೆ ಭೇದಿ ನಿಂತಿಲ್ವೇನೇ? ನಂಗ್ಯಾಕೆ ಹೇಳ್ಲಿಲ್ಲ?” ಅಂತ ಬೈದು ಮಗನಿಗೆ ಮಜ್ಜಿಗೆ ಅನ್ನ ಹಾಕಲು ಶುರುಮಾಡಿದರು.

ಕೊನೆಗೆ ಅರಸೀಕೆರೆಯಲ್ಲಿ ಧೈರ್ಯ ಮಾಡಿ ತಂದೇಬಿಟ್ಟರು, ಪೇಪರಿನಲ್ಲಿ ಸುತ್ತಿದ ಪೊಟ್ಟಣ. ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಹೊರಗಿನಿಂದ ಏನೇ ಸಾಮಾನು ಬರಲಿ, ಮೊದಲು ದೇವರ ಮುಂದೆ ಇಟ್ಟು ವಿಭೂತಿ ಹಚ್ಚಿ ಆಮೇಲೆ ಬಳಸಬೇಕು. ಅತ್ತೆ ಬಾಗಿಲಲ್ಲೇ ಚೀಲ ಇಸಿದುಕೊಂಡು, ಬೇಳೆ, ಬೆಲ್ಲ, ಕಡ್ಡಿಪೆಟ್ಟಿಗೆ, ಆ ಪೊಟ್ಟಣ ಎಲ್ಲವನ್ನೂ ಸಾಲಾಗಿ ಜೋಡಿಸಿ ಕಣ್ಣು ಮುಚ್ಚಿದರು. ಯಜಮಾನರು ದೇವರಮನೆ ಬಾಗಿಲಲ್ಲಿ ಅಲುಗಾಡದೆ ನಿಂತಿದ್ದರು. ಅತ್ತೆ ಕಣ್ಣು ತೆರೆದು, “ಇದ್ರಲ್ಲಿ ಕರ್ಪೂರ ಐತಾ?” ಅಂತ ಪೊಟ್ಟಣದ ದಾರಕ್ಕೆ ಕೈ ಹಾಕಿದರು.

ಅಷ್ಟರಲ್ಲಿ ಮಾವ ಬಂದು, ಅದನ್ನು ಎತ್ತಿ ಮಗನ ಜೇಬಿಗೆ ತುರುಕಿ, “ಅದು ಪೂಜೆ ಸಾಮಾನಲ್ಲ” ಅಂದು ಜಗಲಿಗೆ ವಾಪಸ್ ಹೋದರು. ಆ ವಾರ ಮಾವ ಆಡಿದ್ದು ಅದೊಂದೇ ಮಾತು.

ತಾಮ್ರ ಮತ್ತು ಸಿಡಿಲು

ಕಾಂಡೋಮು ಒಮ್ಮೆ ಹರಿದುಹೋಯಿತು. ನನಗೆ ಮತ್ತೆ ನಿದ್ದೆ ಇಲ್ಲ. ಆ ತಿಂಗಳು ಹೇಗೋ ಪಾರಾದೆ. ಇನ್ನು ಕಾಪರ್-ಟಿ ಹಾಕಿಸಿಕೊಳ್ಳೋಣ ಅಂತ ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಮಾತು ತೆಗೆದೆ. ತೆಗೆಯಬಾರದಿತ್ತು.

ಹಿಂದಿ ಮೇಡಂ ಟಿಫನ್ ಡಬ್ಬಿ ಮುಚ್ಚಿಟ್ಟು, “ಅಯ್ಯೋ, ಬೇಡ ಕಣ್ರೀ! ಹಗರೆ ಕಡೆ ಯಾರೋ ಒಬ್ಬರಿಗೆ ಅದು ಮೇಲಕ್ಕೆ ಹೋಗಿ ಎದೆಯಲ್ಲಿ ಸಿಕ್ಕಿಹಾಕ್ಕೊಂಡಿತ್ತಂತೆ” ಅಂದರು. ಇನ್ನೊಬ್ಬರು, “ಅದು ತಾಮ್ರ ಅಲ್ವಾ? ಸಿಡಿಲು ಬರೋವಾಗ ಏನು ಮಾಡ್ತೀರಿ?” ಅಂದರು. ನಾನು ಬಿಎಸ್ಸಿ ಓದಿದವಳು. ಆದರೂ ಆ ಸಂಜೆ ಬಸ್ಸಿನಲ್ಲಿ ಮೋಡ ಕವಿದದ್ದು ನೋಡಿ ಹೊಟ್ಟೆ ಒತ್ತಿ ಹಿಡಿದುಕೊಂಡೆ. ಇನ್ನೂ ಹಾಕಿಸಿಕೊಂಡೇ ಇರಲಿಲ್ಲ!

ಡಾಕ್ಟರಮ್ಮನಿಗೆ ಹೇಳಿದೆ. ಅವರು ಡ್ರಾಯರಿನಿಂದ ಒಂದು ಕಾಪರ್-ಟಿ ತೆಗೆದು ಅಂಗೈ ಮೇಲಿಟ್ಟರು. ಬೆರಳಿನಷ್ಟೂ ಉದ್ದವಿಲ್ಲ. “ಎದೆಗೆ ಹೋಗೋಕೆ ಒಳಗೆ ದಾರಿನೇ ಇಲ್ಲಮ್ಮ” ಅಂತ ನಕ್ಕರು. ಆದರೆ ಪರೀಕ್ಷೆ ಮಾಡಿ, “ನಿಮಗೆ ರಕ್ತ ತುಂಬಾ ಕಡಿಮೆ ಇದೆ. ಇದು ಹಾಕಿದ ಮೇಲೆ ಕೆಲವರಿಗೆ ಮುಟ್ಟಿನಲ್ಲಿ ಹೆಚ್ಚು ಹೋಗುತ್ತೆ. ಮೊದಲು ಮಾತ್ರೆ ತಗೊಂಡು ರಕ್ತ ಏರಿಸಿಕೊಳ್ಳಿ, ಆಮೇಲೆ ನೋಡೋಣ” ಅಂದರು.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ, ಅಲ್ಲಿವರೆಗೂ ತುಟಿ ಬಿಚ್ಚದೆ ಪೇಪರ್ ತಿದ್ದುತ್ತಿದ್ದ ಸೈನ್ಸ್ ಮೇಡಂ ತಲೆ ಎತ್ತಿದರು. “ನಂಗೆ ಹಾಕಿಸಿ ಆರು ವರ್ಷ ಆಯ್ತು. ಹೋದ ಸಲ ಸಿಡಿಲು ಬಡಿದಿದ್ದು ನಮ್ಮನೆ ಟಿವಿಗೆ ಕಣ್ರೀ.”

ಹುಲಿಕೆರೆಯಲ್ಲಿ ವಾಂತಿ

ಇದು ನಗುವ ಪ್ರಸಂಗವಲ್ಲ, ಆದರೂ ಹೇಳುತ್ತೇನೆ. ಮಕ್ಕಳನ್ನು ಹುಲಿಕೆರೆಯ ಕೊಳ ತೋರಿಸಲು ಕರೆದುಕೊಂಡು ಹೋಗಿದ್ದೆವು. ಮೆಟ್ಟಿಲು ಇಳಿಯುತ್ತಿದ್ದ ಹಾಗೇ ತಲೆ ಸುತ್ತು ಬಂದು, ಮೇಲೆ ಓಡಿಬಂದು ವಾಂತಿ ಮಾಡಿಕೊಂಡೆ. ಹಿಂದಿ ಮೇಡಂ ಬೆನ್ನು ಸವರುತ್ತಾ, “ಓಹೋ, ಸ್ವೀಟ್ ಯಾವಾಗ ಕೊಡಿಸ್ತೀರಿ?” ಅಂದರು.

ಲೆಕ್ಕ ಹಾಕಿದರೆ ಮುಟ್ಟು ಮುಂದಕ್ಕೆ ಹೋಗಿತ್ತು. ನನಗೆ ಸಾಯಲು ಇಷ್ಟವಿರಲಿಲ್ಲ. ಚಿಕ್ಕದಕ್ಕೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ಮನೆಗೆ ಬಂದವಳೇ ಕೋಣೆ ಬಾಗಿಲು ಹಾಕಿಕೊಂಡು, “ರೀ, ನನ್ನ ಕಥೆ ಮುಗೀತು” ಅಂತ ಅಳತೊಡಗಿದೆ. ಯಜಮಾನರೂ ಬೆಪ್ಪಾಗಿ ನನ್ನ ಕೈ ಹಿಡಿದು ಕೂತರು. ಇಬ್ಬರಿಗೂ ಊಟ ಸೇರಲಿಲ್ಲ.

ಬೆಳಿಗ್ಗೆ ಪರೀಕ್ಷೆ ಮಾಡಿದರೆ ಏನೂ ಇಲ್ಲ. ಶಾಲೆಗೆ ಹೋದರೆ ಹಿಂದಿ ಮೇಡಂ ರಜೆ, ಇನ್ನೂ ಇಬ್ಬರು ರಜೆ. ಎಲ್ಲರೂ ಬಸ್ ಸ್ಟ್ಯಾಂಡಿನ ಒಂದೇ ಬಾಣಲೆಯ ಬೋಂಡ ತಿಂದವರು. ಯಜಮಾನರು ಮಾತ್ರ ನಗಲಿಲ್ಲ. “ಇಷ್ಟು ದಿನ ನಿಂಗೆ ಯಾವುದು ಆಗುತ್ತೆ ಅಂತಲೇ ಹುಡುಕಿದ್ವಿ. ನಾನೇ ಆಪರೇಷನ್ ಮಾಡಿಸ್ಕೋತೀನಿ ಕಣೇ. ಅವ್ವನಿಗೆ ಮಾತ್ರ ಗೊತ್ತಾಗಬಾರದು” ಅಂದರು.

ಮೀಸೆಯ ಪ್ರಶ್ನೆ

ಹೇಳುವಾಗ ಇದ್ದ ಧೈರ್ಯ ಆಸ್ಪತ್ರೆ ಮೆಟ್ಟಿಲು ಹತ್ತುವಾಗ ಇರಲಿಲ್ಲ. ಆಪರೇಷನ್ ಮಾಡುವ ಡಾಕ್ಟರು ದೊಡ್ಡ ಮೀಸೆಯವರು. ಯಜಮಾನರು ನನ್ನ ಕಡೆ ನೋಡದೆ ಕೇಳಿದರು: “ಸಾರ್, ಆಮೇಲೆ ಕೊಬ್ಬರಿ ಮೂಟೆ ಎತ್ತಕ್ಕಾಗುತ್ತಾ?”

“ಒಂದು ವಾರ ಬೇಡ. ಆಮೇಲೆ ಲಾರಿನೇ ಎತ್ತಿ.”

“ಗಂಡಸ್ತನ? ಈ ಮೀಸೆ, ಗಡ್ಡ, ಇವೆಲ್ಲ?”

ಡಾಕ್ಟರು ತಮ್ಮ ಮೀಸೆ ಹುರಿ ಮಾಡಿ, “ನನ್ನ ಎರಡನೇ ಮಗಳು ಹುಟ್ಟಿದಾಗಲೇ ನಾನೂ ಮಾಡಿಸ್ಕೊಂಡೆ. ಇದರಲ್ಲಿ ಏನಾದ್ರೂ ಕಡಿಮೆ ಕಾಣ್ತಾ ಇದೆಯಾ?” ಅಂದರು.

ಒಳಗೆ ಹೋದ ಮೇಲೆ ಇವರು ಕಣ್ಣು ಬಿಗಿಯಾಗಿ ಮುಚ್ಚಿ ಶಿವಶಿವಾ ಅನ್ನುತ್ತಾ ಮಲಗಿದ್ದರಂತೆ. ಎಷ್ಟು ಹೊತ್ತಾದರೂ ಯಾರೂ ಏನೂ ಮಾಡುತ್ತಿಲ್ಲ ಅನ್ನಿಸಿ, “ಸಾರ್, ಯಾವಾಗ ಶುರು ಮಾಡ್ತೀರಿ?” ಅಂದರಂತೆ. “ಮುಗಿದು ಆಗಲೇ ಕೈ ತೊಳೆದೆ. ಏಳಿ, ಇನ್ನೊಬ್ಬರು ಕಾಯ್ತಿದಾರೆ” ಅಂದರಂತೆ ಡಾಕ್ಟರು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು, ಅದು ಸರಿ ಅಂತ ಬರುವವರೆಗೂ ಕಾಂಡೋಮ್ ಬಿಡಬಾರದು ಅಂತ ನನಗೂ ಕೂರಿಸಿ ಹೇಳಿದರು. ಅಂದರೆ ಅರಸೀಕೆರೆಯ ಪೊಟ್ಟಣ ತಪ್ಪಿದ್ದಲ್ಲ.

ಹೊಸಿಲ ಮೇಲೆ

ಕೊಬ್ಬರಿ ವ್ಯಾಪಾರಿ ಮೂಟೆ ಮುಟ್ಟದೆ, ಕಾಲು ಅಗಲಿಸಿಕೊಂಡು ನಡೆದರೆ ತಾಯಿಗೆ ಕಾಣದೆ ಇರುತ್ತದೆಯೇ? “ಸೊಂಟ ಉಳುಕಿದೆ ಅವ್ವಾ” ಅಂತ ಇವರು ಒಂದು ಸುಳ್ಳು ಬಿಟ್ಟರು. ಅಲ್ಲೇ ಎಡವಟ್ಟಾದದ್ದು. ನಮ್ಮ ಕಡೆ ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರಿಂದ ಹೊಸಿಲ ಮೇಲೆ ಮೂರು ಸಲ ಒದೆಸುತ್ತಾರೆ. ಅತ್ತೆ ಮಾರನೇ ಬೆಳಿಗ್ಗೆಯೇ ಅಂಥ ಒಬ್ಬರನ್ನು ಪಕ್ಕದ ಬೀದಿಯಿಂದ ಕರೆತಂದರು. ಹಿಟ್ಟಿನ ಗಿರಣಿ ನಡೆಸುವ ಗಟ್ಟಿ ಹೆಂಗಸು.

“ಬೇಡ ಅವ್ವಾ, ತಾನೇ ಹೋಗ್ತದೆ!”

“ಸುಮ್ನೆ ನಿಂತ್ಕೋ. ನಂಗೆ ಇರೋನು ನೀನೊಬ್ನೇ.”

ಇವರನ್ನು ಬಾಗಿಸಿ ಹೊಸಿಲ ಮೇಲೆ ನಿಲ್ಲಿಸಿದರು. ಆ ಹೆಂಗಸು ಸೀರೆ ಎತ್ತಿ ಸಿಕ್ಕಿಸಿ, ಗೋಡೆ ಹಿಡಿದು, ಬಲಗಾಲು ಮೇಲೆತ್ತಿತು. ಡಾಕ್ಟರು ಸಣ್ಣ ಪೆಟ್ಟೂ ಬೀಳಬಾರದು ಅಂದದ್ದು ನನಗೆ ನೆನಪಾಯಿತು. ಹೇಳಿದರೆ ಮನೆ ರಣರಂಗ, ಹೇಳದಿದ್ದರೆ ಗಂಡನ ಗತಿ ಏನು? ಇವರು ಎರಡೂ ಕೈಯಿಂದ ಮುಂದೆ ಮುಚ್ಚಿಕೊಂಡು, ಹಲ್ಲು ಕಚ್ಚಿ, ಕಣ್ಣು ಮುಚ್ಚಿದರು.

“ತಡಿಯೇ!” ಅಂದರು ಅತ್ತೆ. ಮಗನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಜಗಲಿಯ ಕಡೆ ತಿರುಗಿದರು. “ರೀ, ಈ ಮುಖ ನಾನು ಎಲ್ಲೋ ನೋಡಿದೀನಿ.”

ಮಾವ ಪೇಪರ್ ಇಳಿಸಿದರು. “ನಂದೇ ಕಣೇ. ಇದೇ ಹೊಸಿಲ ಮೇಲೆ. ಇವನನ್ನ ಹೆತ್ತು ನೀನು ಸತ್ತು ಬದುಕಿದೆಯಲ್ಲ, ಆಗ ನಾನು ಆಪರೇಷನ್ ಕ್ಯಾಂಪಿಗೆ ಹೋಗಿ ಬಂದು ಸೊಂಟ ಉಳುಕೈತೆ ಅಂದಿರಲಿಲ್ವಾ?”

ಯಜಮಾನರು ಬಾಗಿದ್ದ ಹಾಗೇ ಕತ್ತು ತಿರುಗಿಸಿದರು. “ಅವ್ವಾ! ಶಿವ ಒಂದೇ ಕೊಟ್ಟ ಅಂತಿದ್ದೆ?”

“ಇನ್ನೇನು, ನಿಮ್ಮಪ್ಪನ ಆಪರೇಷನ್ ವಿಷ್ಯ ಊರಿಗೆಲ್ಲ ಹೇಳಕ್ಕಾಯ್ತದಾ?” ಅಂದ ಅತ್ತೆ, ನನ್ನ ಕಡೆ ನೋಡಿದರು. ಆ ಕಣ್ಣಲ್ಲಿ ಕೋಪವಿರಲಿಲ್ಲ. “ನಿಂಗೂ ಹಂಗೇ ಹೆದರಿಕೆ ಆಗಿತ್ತೇನೇ? ನಂಗೆ ಹೇಳಬಾರದಿತ್ತಾ, ಹುಚ್ಚಿ” ಅಂತ ನನ್ನ ತಲೆ ಸವರಿದರು. ಅಷ್ಟು ದಿನ ಹಿಡಿದಿಟ್ಟಿದ್ದ ಅಳು ಅಲ್ಲೇ ಒಡೆಯಿತು. ಅಳುತ್ತಲೇ ಮಾವನನ್ನು ಕೇಳಿದೆ, “ಆಗ ನಿಮ್ಮನ್ನ ಯಾರು ಬಿಡಿಸಿದ್ರು ಮಾವ?”

“ಯಾರು ಬಿಡಿಸ್ತಾರಮ್ಮ? ಬಾಯಿ ಬಿಟ್ಟಿದ್ರೆ ನಮ್ಮವ್ವ ಎಲ್ಲಾ ಇವಳ ತಲೆ ಮೇಲೆ ಹಾಕ್ತಿದ್ಲು. ಮೂರೂ ಒದೆ ತಿಂದೆ. ಹೆಂಡ್ತಿ ಉಳಿದ್ಲಲ್ಲ, ಸಾಕು ಅಂದ್ಕೊಂಡೆ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಬಾಗಿಲ ಕಡೆಯಿಂದ ಏದುಸಿರಿನ ದನಿಯೊಂದು ಕೇಳಿತು. ಗಿರಣಿಯ ಹೆಂಗಸು ಗೋಡೆ ಹಿಡಿದು ಇನ್ನೂ ಒಂಟಿ ಕಾಲಲ್ಲೇ ನಿಂತಿತ್ತು.

“ಅಕ್ಕಾ, ಹಂಗಾದ್ರೆ ನಾನು ಕಾಲು ಇಳಿಸ್ಲಾ?”